ಯೆಶರೆಗ್ ಟೀಚರ್ ಅಂದ ಒಂದು ಹೂಂ

ಇಪ್ಪತ್ತೆರಡು ವರ್ಷದಿಂದ ಅಂಕೊ ಮೇಡ ಎಂಬ ನಮ್ಮೂರಿನ ಶಾಲೆಯ ಗಂಟೆಯನ್ನು ನಾನು ಬೆಳಿಗ್ಗೆ ಎರಡಕ್ಕೆ ಸರಿಯಾಗಿ ಹೊಡೆಯುತ್ತಿದ್ದೇನೆ. ಬೆಳಿಗ್ಗೆ ಎರಡು ಎಂದರೆ ಸೂರ್ಯ ಹುಟ್ಟಿ ಎರಡು ತಾಸು. ನಮ್ಮ ಇಥಿಯೋಪಿಯಾದಲ್ಲಿ ಗಡಿಯಾರ ಸೂರ್ಯನ ಜೊತೆ ಏಳುತ್ತದೆ. ಹೊತ್ತು ಮೂಡಿ ಒಂದು ತಾಸಾದರೆ ಒಂದು ಗಂಟೆ, ಹೊತ್ತು ನೆತ್ತಿಗೆ ಬಂದರೆ ಆರು, ಮುಳುಗಿದರೆ ಹನ್ನೆರಡು, ರಾತ್ರಿಗೆ ಮತ್ತೆ ಒಂದರಿಂದ ಎಣಿಕೆ. ಇದರಲ್ಲಿ ಅರ್ಥವಾಗದ್ದು ಏನಿದೆ? ಹೊರದೇಶದವರು ಎಲ್ಲರೂ ಗೊರಕೆ ಹೊಡೆಯುವ ಹೊತ್ತಿನಲ್ಲಿ ದಿನ ಶುರುಮಾಡುತ್ತಾರೆ, ಬೆಳಗಾಗುವಷ್ಟರಲ್ಲಿ ಆರು ಗಂಟೆ ಕಳೆದುಬಿಟ್ಟಿರುತ್ತಾರೆ. ಅದು ಅವರ ಇಷ್ಟ. ನಮ್ಮ ಎರಡು ಅವರಿಗೆ ಎಂಟು. ಇಟ್ಟುಕೊಳ್ಳಲಿ, ಯಾರು ಬೇಡವೆಂದರು? ಆದರೆ ಆ ಎಂಟನ್ನು ತಂದು ನಮ್ಮ ಎರಡನೇ ತರಗತಿಯ ಮಕ್ಕಳ ಬಾಯಿಗೆ ತುರುಕಿದರಲ್ಲ, ನನ್ನ ಸಿಟ್ಟು ಅದಕ್ಕೆ.

ನನ್ನ ಹೆಸರು ಶಿಬೆಶಿ. ಶಾಲೆಯ ಕಾವಲುಗಾರ. ಮಕ್ಕಳೂ ಟೀಚರುಗಳೂ ನನ್ನನ್ನು ಗಶೆ ಎನ್ನುತ್ತಾರೆ, ಅಣ್ಣ ಎಂದ ಹಾಗೆ. ಲಾರಿಯ ಹಳೆಯ ಚಕ್ರದ ಕಬ್ಬಿಣವನ್ನು ನೀಲಗಿರಿ ಮರಕ್ಕೆ ತೂಗುಹಾಕಿದ್ದೇನೆ, ಅದೇ ನಮ್ಮ ಗಂಟೆ. ಆದರೆ ನಾನು ಹೇಳುತ್ತಿರುವುದು ನನ್ನ ಕಥೆಯಲ್ಲ, ಯೆಶರೆಗ್ ಟೀಚರದು. ಅವಳ ಬಗ್ಗೆ ಈಗ ಊರಿನಲ್ಲಿ ಎರಡು ಮಾತು ಓಡಾಡುತ್ತಿವೆ. ಅವಳು ಒಬ್ಬ ಮುದುಕಿಯನ್ನು ಕೊಲ್ಲುತ್ತಿದ್ದಳು ಎಂದು ಒಬ್ಬರು, ಯೋಜನೆಯವರನ್ನು ಹೊಡೆದು ಓಡಿಸಿದಳು ಎಂದು ಇನ್ನೊಬ್ಬರು. ಎರಡೂ ಸುಳ್ಳು. ಕಣ್ಣಾರೆ ಕಂಡವನು ನಾನು, ಕೇಳಿ.

ಯೆಶರೆಗ್ ಈ ಶಾಲೆಗೆ ಬಂದು ಹತ್ತೊಂಬತ್ತು ವರ್ಷ. ನನಗೆ ತಂಗಿಯ ವಯಸ್ಸಿನವಳು, ಅದಕ್ಕೇ ಅವಳು ಎನ್ನುತ್ತೇನೆ. ಸಣ್ಣ ಆಳು, ದೊಡ್ಡ ಗಂಟಲು. ಮೊದಲ ಹದಿನೆಂಟು ವರ್ಷ ಅವಳಿಗೆ ಸೀಮೆಸುಣ್ಣ ಬಿಟ್ಟರೆ ಏನೂ ಇರಲಿಲ್ಲ. ಬಾಟಲಿ ಮುಚ್ಚಳದಲ್ಲಿ ಕೂಡುವುದು ಕಲಿಸಿದಳು, ಬಾರ್ಲಿ ಕಾಳಿನಲ್ಲಿ ಕಳೆಯುವುದು ಕಲಿಸಿದಳು, ಕಳೆದ ಕಾಳನ್ನು ಮಕ್ಕಳು ತಿಂದುಬಿಡುತ್ತಿದ್ದರು. ಗಡಿಯಾರದ ಪಾಠಕ್ಕೆ ಇಂಜೆರಾ ರೊಟ್ಟಿ ಇಡುವ ಹರಿದುಹೋದ ಬುಟ್ಟಿಯ ಮುಚ್ಚಳ ತೆಗೆದುಕೊಂಡು, ಇದ್ದಿಲಿನಲ್ಲಿ ಅಂಕಿ ಬರೆದು, ಜೊಂಡಿನ ಎರಡು ಕಡ್ಡಿಯನ್ನು ಮುಳ್ಳು ಮಾಡಿದ್ದಳು. ಏಳು ವರ್ಷದ ಮಕ್ಕಳು ಆ ಮುಚ್ಚಳ ನೋಡಿ ಹೊತ್ತು ಹೇಳುತ್ತಿದ್ದವು. ನನ್ನ ಕೈಗಡಿಯಾರ ಹಿಂದೆ ಬಿದ್ದರೆ ನನ್ನನ್ನೇ ಗದರುತ್ತಿದ್ದವು.

ಅದರಲ್ಲೂ ಮಿಂತ್ವಾಬ್. ಮುಂದಿನ ಎರಡು ಹಲ್ಲು ಬಿದ್ದ ಹುಡುಗಿ, ಅಜ್ಜಿಯ ಜೊತೆ ಇರುವವಳು. ಅವ್ವ ಅರಬರ ದೇಶದಲ್ಲಿ ಯಾರದೋ ಮನೆಗೆಲಸಕ್ಕೆ ಹೋದವಳು, ಅಲ್ಲಿಂದ ಒಂದು ಗೋಡೆ ಗಡಿಯಾರ ಕಳಿಸಿದ್ದಳು. ಅಜ್ಜಿಗೆ ಕಣ್ಣಿಗೆ ಪೊರೆ, ಮೈಯಲ್ಲಿ ಸಕ್ಕರೆ ಕಾಯಿಲೆ. ದಿನಕ್ಕೊಂದು ಮಾತ್ರೆ. ಔಷಧಿ ಅಂಗಡಿಯವನು ಪೊಟ್ಟಣದ ಮೇಲೆ ದಪ್ಪಗೆ ಒಂದು ಎಂದು ಬರೆದು ಕೊಟ್ಟಿದ್ದ. ಬೆಳಿಗ್ಗೆ ಒಂದಕ್ಕೆ, ಅಜ್ಜಿ ತಿಂಡಿಗೆ ಕೂತಾಗ, ಮಿಂತ್ವಾಬ್ ಮಾತ್ರೆ ಕೊಟ್ಟು, ನೀರು ಕುಡಿಸಿ, ಆಮೇಲೆ ಶಾಲೆಗೆ ಬರುತ್ತಿದ್ದಳು. ಗೇಟಿನ ಹತ್ತಿರ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು.

"ಗಶೆ, ಇನ್ನೂ ಎರಡು ನಿಮಿಷ ಇದೆ. ಕೋಲು ಕೆಳಗಿಡು."

"ನೀನ್ಯಾರೇ ನಂಗೆ ಹೇಳಕ್ಕೆ, ಹಲ್ಲಿಲ್ಲದ ಮುದುಕಿ?"

"ನಮ್ಮನೆ ಗಡಿಯಾರ ನೋಡ್ಕೊಂಡೇ ಬಂದಿದೀನಿ. ನಿಂದು ತೌಡು ತಿನ್ನೋ ಗಡಿಯಾರ."

ಆ ಮನೆಯ ಗಡಿಯಾರ, ಆ ಮನೆಯ ಕಣ್ಣು ಎರಡೂ ಅವಳೇ ಆಗಿದ್ದಳು. ಅದು ಅವಳಿಗೂ ಗೊತ್ತಿತ್ತು.

ಹೋದ ವರ್ಷ ಅಡಿಸ್ ಅಬಾಬಾದಿಂದ, ಪರದೆಯ ಮೇಲೆ ಪಾಠ ಕಲಿಸುವ ಯೋಜನೆಯವರು ಬಂದರು. ಮೂವತ್ತು ಟ್ಯಾಬ್ಲೆಟ್, ಅವನ್ನಿಡಲು ಕಬ್ಬಿಣದ ಪೆಟ್ಟಿಗೆ, ಚಾವಣಿಯ ಮೇಲೆ ಬಿಸಿಲಿನಿಂದ ವಿದ್ಯುತ್ ಮಾಡುವ ಹಲಗೆ. ಮಳೆ ಬಂದರೆ ತರಗತಿ ಸೋರುತ್ತದೆ, ಪೆಟ್ಟಿಗೆ ಸೋರುವುದಿಲ್ಲ. ಮೂಗಿಗಿಂತ ಮೂಗುತಿ ಭಾರ. ಬೆಳಿಗ್ಗೆ ಪೆಟ್ಟಿಗೆ ಹೊತ್ತು ತರಗತಿಗೆ ತರುವುದು, ಪಾಠ ಮುಗಿದ ಮೇಲೆ ಹೊತ್ತುಕೊಂಡು ಹೋಗಿ ಬೀಗ ಹಾಕುವುದು ನನ್ನ ಕೆಲಸಕ್ಕೆ ಸೇರಿಕೊಂಡಿತು. ಹಾಗಾಗಿಯೇ ನಾನು ಎರಡನೇ ತರಗತಿಯ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದು.

ನ್ಯಾಯ ಹೇಳಬೇಕು. ಮೊದಲು ಯೆಶರೆಗ್‌ಗೆ ಅದು ಬಹಳ ಇಷ್ಟವಾಗಿತ್ತು. ಬಿಡುವಿನಲ್ಲಿ ಗೇಟಿನ ಹತ್ತಿರ ನನ್ನ ಜೊತೆ ಕಾಫಿ ಕುಡಿಯುತ್ತ ಅದನ್ನೇ ಹೇಳುತ್ತಿದ್ದಳು.

"ಇವತ್ತು ಸಮುದ್ರ ತೋರಿಸ್ದೆ ಗಶೆ. ನಾನೇ ನೋಡಿರ್ಲಿಲ್ಲ. ಅಕ್ಷರ ಒತ್ತಿದ್ರೆ ಅದೇ ಉಚ್ಚಾರ ಹೇಳುತ್ತೆ, ನೂರು ಸಲ ಕೇಳಿದ್ರೂ ಬೇಜಾರು ಮಾಡ್ಕೊಳಲ್ಲ. ನಾನಾದ್ರೆ ಹತ್ತನೇ ಸಲಕ್ಕೆ ಸೀಮೆಸುಣ್ಣ ಎಸೀತೀನಿ."

"ಹಂಗಾದ್ರೆ ನೀನು ಮನೇಲಿರು, ಅದೇ ಪಾಠ ಮಾಡ್ಲಿ."

"ಅದಕ್ಕೆ ಮೂಗು ಒರೆಸಕ್ಕೆ ಬರಲ್ಲವಲ್ಲ," ಎಂದು ನಗುತ್ತಿದ್ದಳು.

ಟ್ಯಾಬ್ಲೆಟ್ಟಿನಲ್ಲಿ ಪಾಠಗಳು ಮೆಟ್ಟಿಲಿನ ಹಾಗೆ. ಒಂದು ಮುಗಿಯದೆ ಇನ್ನೊಂದು ತೆರೆಯುವುದಿಲ್ಲ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದು ಅಡಿಸ್‌ನಲ್ಲಿ ಕೂತವರಿಗೆ ಕಾಣುತ್ತಿತ್ತು. ಆರು ಮೆಟ್ಟಿಲು ಸರಾಗ ಹತ್ತಿದರು. ಏಳನೆಯದು ಗಡಿಯಾರ.

ಪರದೆಯ ಮೇಲೆ ಚಿತ್ರ ಬಂತು. ಮಕ್ಕಳು ಚೀಲ ಹಾಕಿಕೊಂಡು ಶಾಲೆಯ ಗೇಟಿನೊಳಗೆ ಹೋಗುತ್ತಿದ್ದಾರೆ, ಸೂರ್ಯ ಆಗಷ್ಟೇ ಗುಡ್ಡದಿಂದ ಮೇಲೆ ಬಂದಿದ್ದಾನೆ. ಕೆಳಗೊಂದು ಗಡಿಯಾರ. ಒಳಗಿನಿಂದ ಒಬ್ಬ ಹೆಂಗಸು ನಮ್ಮದೇ ಭಾಷೆಯಲ್ಲಿ, "ಬೆಳಿಗ್ಗೆ ಶಾಲೆ ಶುರುವಾಗುವ ಹೊತ್ತಿಗೆ ಮುಳ್ಳು ತಿರುಗಿಸು" ಎಂದಳು. ಎಲ್ಲರಿಗಿಂತ ಮೊದಲು ಮುಳ್ಳನ್ನು ಎರಡಕ್ಕೆ ತಿರುಗಿಸಿದವಳು ಮಿಂತ್ವಾಬ್. ಪರದೆ ಕೆಂಪಾಯಿತು. ಒಂದು ಹಳದಿ ಮುಖ ಬಂದು ಅಳತೊಡಗಿತು. "ತಪ್ಪು. ಮತ್ತೆ ಪ್ರಯತ್ನಿಸು." ಅವಳು ಮತ್ತೆ ಎರಡಕ್ಕೇ ತಿರುಗಿಸಿದಳು. ಮತ್ತೆ ಅಳು. ಅಷ್ಟರಲ್ಲಿ ಉಳಿದವರೂ ತಿರುಗಿಸಿದ್ದರು. ಮೂವತ್ತು ಹಳದಿ ಮುಖಗಳು ಒಟ್ಟಿಗೆ ಅತ್ತವು.

"ಟೀಚರ್, ಇದು ಕೆಟ್ಟೋಗಿದೆ," ಎಂದಳು ಮಿಂತ್ವಾಬ್.

ಯೆಶರೆಗ್ ನಕ್ಕು, ಅವಳ ಕೈಯಿಂದ ತೆಗೆದುಕೊಂಡು ತಾನೇ ಎರಡಕ್ಕೆ ತಿರುಗಿಸಿದಳು. ಅವಳಿಗೂ ಅಳುವ ಮುಖ. ಸುಮ್ಮನೆ ಎಂಟಕ್ಕೆ ತಿರುಗಿಸಿ ನೋಡಿದಳು. ಪರದೆ ಹಸಿರಾಯಿತು, ಮುಖ ನಕ್ಕಿತು, ಚಪ್ಪಾಳೆ ಕೇಳಿತು. ಅವಳು ನನ್ನ ಕಡೆ ತಿರುಗಿದಳು, ಕಿವಿಯವರೆಗೂ ಕೆಂಪಾಗಿದ್ದಳು.

"ಮಾತನ್ನ ನಮ್ಮ ಭಾಷೆಗೆ ತಿರುಗಿಸಿದಾರೆ ಗಶೆ, ಸೂರ್ಯನ್ನ ತಿರುಗಿಸೋದು ಮರೆತಿದಾರೆ."

ಅವತ್ತೇ ಗೇಟಿನ ಹತ್ತಿರ ನಿಂತು ಯೋಜನೆಯ ಹೆನೋಕ್‌ಗೆ ಫೋನು ಮಾಡಿದಳು. ಹೆನೋಕ್ ಎಂದರೆ ನಮ್ಮ ಸೀಮೆಯ ಶಾಲೆಗಳನ್ನು ನೋಡಿಕೊಳ್ಳುವ ಹುಡುಗ, ಮೀಸೆಗೆ ಎಣ್ಣೆ ಹಚ್ಚುವವನು. ಇಲ್ಲೇ ಹುಟ್ಟಿದವನು, ನಮ್ಮ ಹಾಗೆ ಷಿರೊ ಸಾರು ತಿಂದು ಬೆಳೆದವನು.

"ಟೀಚರ್, ಅದು ಅಂತಾರಾಷ್ಟ್ರೀಯ ಪದ್ಧತಿ," ಎಂದ.

"ನಿಮ್ಮನೇಲಿ ಯಾವ ಪದ್ಧತಿನಪ್ಪ?"

"ಅದು ಬೇರೆ ವಿಷಯ."

"ಬೇರೆ ವಿಷಯ ಹೆಂಗಾಗುತ್ತೆ? ಏಳು ವರ್ಷದ ಮಗು ಸರಿಯಾಗಿ ಹೇಳಿದ್ರೆ ನಿನ್ನ ಯಂತ್ರ ಅಳುತ್ತೆ."

"ಪಾಠ ಬರೆದೋರು ಬೇರೆ ದೇಶದಲ್ಲಿದಾರೆ ಟೀಚರ್. ಬದಲಾಯಿಸಬೇಕು ಅಂದ್ರೆ ಅರ್ಜಿ ಹಾಕ್ಬೇಕು. ಮುಂದಿನ ವರ್ಷ ನೋಡೋಣ."

"ಈ ಪಾಠ ಬಿಟ್ಟು ಎಂಟನೇದು ತೆರೆಸು."

"ಏಳು ದಾಟದೆ ಎಂಟು ತೆರೆಯಲ್ಲ."

ಅವಳು ಫೋನು ಇಟ್ಟು ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ನಾನು ಸೈನ್ಯದಲ್ಲಿದ್ದವನು, ನನಗೇ ಒಂದೆರಡು ಹೊಸದಾಗಿದ್ದವು.

ಮೂರು ವಾರ ಅವಳು ಬಗ್ಗಲಿಲ್ಲ. ಟ್ಯಾಬ್ಲೆಟ್ ಪೆಟ್ಟಿಗೆಯಲ್ಲೇ ಇಡಿಸಿ ಬುಟ್ಟಿಯ ಮುಚ್ಚಳದಲ್ಲಿ ಪಾಠ ಮಾಡಿದಳು. ಆಮೇಲೆ ಕಾಗದ ಬಂತು. ಅಂಕೊ ಮೇಡದ ಎರಡನೇ ತರಗತಿ ಮುಂದೆ ಹೋಗುತ್ತಿಲ್ಲ, ಇಪ್ಪತ್ತನೇ ತಾರೀಕಿನೊಳಗೆ ಏಳನೆಯ ಮೆಟ್ಟಿಲು ದಾಟದ ಮಕ್ಕಳನ್ನು ಮೂರನೇ ತರಗತಿಗೆ ಸೇರಿಸುವಂತಿಲ್ಲ ಎಂದು. ಅಳುವ ಮುಖ ಮೂವತ್ತು ಮಕ್ಕಳ ಒಂದು ವರ್ಷವನ್ನೇ ಕೇಳುತ್ತಿತ್ತು. ಕಾಗದ ಹಿಡಿದುಕೊಂಡು ಬಂದವರು ಹೆಡ್‌ಮಾಸ್ಟರ್ ದೆಮ್ಸೆ. ಎತ್ತು ಈಯಿತು ಎಂದು ಮೇಲಿನವರು ಹೇಳಿದರೆ ಕರುವನ್ನು ಕೊಟ್ಟಿಗೆಗೆ ಕಟ್ಟುವ ಪೈಕಿ.

"ಎರಡೋ ಎಂಟೋ, ನಿಂಗೇನಮ್ಮ ನಷ್ಟ? ಎಂಟು ಅನ್ನಿಸಿಬಿಡು, ಮುಗೀತು."

"ಸುಳ್ಳು ಅನ್ನಿಸ್ಲಾ?"

"ಸುಳ್ಳಲ್ಲ, ಉತ್ತರ. ಅವ್ರು ಕೇಳಿದ ಉತ್ತರ."

"ಎರಡೂ ಗಡಿಯಾರ ವಿವರಿಸಿ ಹೇಳಕ್ಕೆ ಒಂದು ತಿಂಗಳು ಕೊಡಿ ಸ್ವಾಮಿ."

"ಐದು ದಿನ ಇದೆ."

ಐದು ದಿನ ಬಾಯಿಪಾಠ ಮಾಡಿಸಿದಳು. ಬುಟ್ಟಿಯ ಮುಚ್ಚಳವನ್ನು ಗೋಡೆಯಿಂದ ತೆಗೆದು ಬೀರುವಿನ ಹಿಂದೆ ತುರುಕಿದಳು, ಅದರ ಮುಖ ನೋಡಲಾರದವಳ ಹಾಗೆ. ಸಿಟ್ಟಿನಲ್ಲೇ ಕಲಿಸಿದಳು. ಎಂಟು ಬೇಕಲ್ಲವೆ, ತಗೊಳ್ಳಿ ಎಂಟು.

"ಶಾಲೆ ಎಷ್ಟಕ್ಕೆ?"

"ಎಂಟಕ್ಕೆ!"

"ಊಟ ಮಾಡಿ ಆಟ ಆಡೋದು ಎಷ್ಟಕ್ಕೆ?"

"ಒಂದಕ್ಕೆ!"

ಮೂವತ್ತು ಮಕ್ಕಳು ಕೂಗುತ್ತಿದ್ದರು. ಮಿಂತ್ವಾಬ್ ಕೂಗುತ್ತಿರಲಿಲ್ಲ. ಎದ್ದು ನಿಂತಳು.

"ಟೀಚರ್, ಹಂಗಾದ್ರೆ ನಮ್ಮನೆ ಗಡಿಯಾರ ತಪ್ಪಾ?"

ಹೆಡ್‌ಮಾಸ್ಟರ್ ಕಿಟಕಿಯಲ್ಲಿ ನಿಂತಿದ್ದರು. ಯೆಶರೆಗ್‌ಳ ಗಂಟಲು ಬಿದ್ದುಹೋಗಿತ್ತು. ಇನ್ನೂ ಹನ್ನೆರಡು ಮಕ್ಕಳು ಕೆಂಪಿನಲ್ಲೇ ಇದ್ದರು. ಒಂದು ಗಳಿಗೆ ಹುಡುಗಿಯನ್ನು ನೋಡಿದಳು.

"ಹೂಂ," ಎಂದಳು. "ಟ್ಯಾಬ್ಲೆಟ್ ಹೇಳೋದೇ ಸರಿ. ಕೂತ್ಕೊ, ಎಂಟಕ್ಕೆ ತಿರುಗಿಸು."

ಹುಡುಗಿ ಕೂತಳು. ತಿರುಗಿಸಿದಳು. ಹಸಿರಾಯಿತು. ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದ ನಾನು, ದಿನಾ ಎರಡಕ್ಕೆ ಗಂಟೆ ಹೊಡೆಯುವವನು, ಬಾಯಿ ಮುಚ್ಚಿಕೊಂಡಿದ್ದೆ. ಇದನ್ನು ಬಚ್ಚಿಟ್ಟು ಕಥೆ ಹೇಳಿದರೆ ನಾನೂ ದೆಮ್ಸೆಯ ತಮ್ಮನೇ ಆಗುತ್ತೇನೆ.

ಇಪ್ಪತ್ತನೇ ತಾರೀಕಿಗೆ ಮೂವತ್ತಕ್ಕೆ ಮೂವತ್ತೂ ಹಸಿರು. ಅಡಿಸ್‌ನಿಂದ ಅಭಿನಂದನೆ ಬಂತು, ಹೆಡ್‌ಮಾಸ್ಟರ್ ಸಿಹಿ ಬ್ರೆಡ್ ಹಂಚಿದರು.

ನಾಲ್ಕನೆಯ ದಿನ. ಎರಡನೇ ತರಗತಿಯನ್ನು ಮಧ್ಯಾಹ್ನ ಆರೂವರೆಗೆ ಬಿಡುತ್ತೇವೆ. ಏಳೂವರೆ ದಾಟಿತ್ತು, ಮಿಂತ್ವಾಬ್‌ಳ ಪಕ್ಕದ ಮನೆಯ ಹೆಂಗಸು ಗೇಟಿಗೆ ಓಡಿಬಂದಳು. ಅಜ್ಜಿ ಒಲೆಯ ಮುಂದೆ ಬಾರ್ಲಿ ಹುರಿಯುತ್ತಿದ್ದವಳು ಮಗುಚಿ ಬಿದ್ದಿದ್ದಳು. ಮೈಯೆಲ್ಲ ಬೆವರು, ಮಾತಿಲ್ಲ. ನಾನೂ ಇನ್ನಿಬ್ಬರೂ ಅವಳ ದಪ್ಪ ಶಾಲಿನಲ್ಲೇ ಅವಳನ್ನು ಮಲಗಿಸಿ ಆರೋಗ್ಯ ಕೇಂದ್ರಕ್ಕೆ ಹೊತ್ತುಕೊಂಡು ಹೋದೆವು. ಶಾಲೆಯಲ್ಲಿ ಇನ್ನೂ ಇದ್ದ ಯೆಶರೆಗ್ ಸುದ್ದಿ ಕೇಳಿ ಹಿಂದೆಯೇ ಓಡಿಬಂದಳು. ನರ್ಸು ರಕ್ತ ನೋಡಿ, ಸಕ್ಕರೆ ಪಾತಾಳಕ್ಕೆ ಇಳಿದಿದೆ ಎಂದು ಬಾಟಲಿ ಏರಿಸಿದಳು. ಆಮೇಲೆ ಹುಡುಗಿಯನ್ನು ಕೇಳಿದಳು.

"ಮಾತ್ರೆ ಯಾವಾಗ ಕೊಟ್ಟೆ ಪುಟ್ಟಿ?"

"ಒಂದಕ್ಕೆ."

"ಬೆಳಿಗ್ಗೆ ತಾನೆ? ತಿಂಡಿ ಜೊತೆ?"

"ಅಲ್ಲ. ಈಗ, ಶಾಲೆಯಿಂದ ಬಂದ್ಮೇಲೆ. ಅದೇ ಸರಿಯಾದ ಒಂದು. ಬೆಳಿಗ್ಗೆ ಇರೋದು ತಪ್ಪು ಒಂದು."

"ಯಾರು ಹೇಳಿದ್ದು?"

ಮಿಂತ್ವಾಬ್ ಬಾಗಿಲಲ್ಲಿದ್ದ ಯೆಶರೆಗ್‌ಳನ್ನು ನೋಡಿದಳು. ದೂರುವ ನೋಟವಲ್ಲ. ಪಾಠ ಒಪ್ಪಿಸುವಾಗ ಮಕ್ಕಳು ನೋಡುತ್ತಾರಲ್ಲ, ಹಾಗೆ. "ನಮ್ಮನೆ ಗಡಿಯಾರ ತಪ್ಪು ಅಂತ ಟೀಚರ್ ಹೇಳಿದ್ರು. ಟ್ಯಾಬ್ಲೆಟ್ಟಿನ ಒಂದಕ್ಕೆ ಕೊಟ್ಟೆ."

ನಾಲ್ಕು ದಿನ ಹಾಗೇ ಕೊಟ್ಟಿದ್ದಳು. ಬೆಳಿಗ್ಗೆ ಮಾತ್ರೆ ಎಲ್ಲಿ ಎಂದು ಅಜ್ಜಿ ಕೇಳಿದ್ದಳಂತೆ. ಇನ್ನೂ ಒಂದಾಗಿಲ್ಲ, ಟೀಚರ್ ಹೇಳಿದಾರೆ ಎಂದು ಹುಡುಗಿ ಅಂದಿದ್ದಳು. ಟೀಚರ್ ಹೇಳಿದ ಮೇಲೆ ಮುಗಿಯಿತಲ್ಲ. ಬೆಳಗಿನ ತಿಂಡಿಗೆ ಮಾತ್ರೆಯಿಲ್ಲ, ಮಧ್ಯಾಹ್ನದ ಖಾಲಿ ಹೊಟ್ಟೆಗೆ ಮಾತ್ರೆ. ಮೂರು ದಿನ ಮುದುಕಿ ಹೇಗೋ ತಡೆದುಕೊಂಡಳು, ನಾಲ್ಕನೆಯ ದಿನ ಬಿದ್ದಳು.

ಬದುಕಿದಳು. ಹತ್ತು ಗಂಟೆಯ ಹೊತ್ತಿಗೆ, ಬಿಸಿಲು ಇಳಿಯುವಾಗ, ಕಣ್ಣು ಬಿಟ್ಟು ಮೊದಲು ಆಡಿದ ಮಾತು, "ಬಾರ್ಲಿ ಸೀದೋಯ್ತಾ?" ಎಂದು. ಹುಡುಗಿ ಮಂಚದ ಕಾಲು ಹಿಡಿದುಕೊಂಡು ಕೂತಿದ್ದಳು, ಅಳಲಿಲ್ಲ.

ಯೆಶರೆಗ್ ಹೊರಗೆ ಗೋಡೆಗೆ ಒರಗಿ ನಿಂತಿದ್ದಳು. ನಾನು ಹೋಗಿ ಸಮಾಧಾನ ಮಾಡಲು ನೋಡಿದೆ.

"ಹಾಳು ಯಂತ್ರ ಕಣೆ, ನೀನೇನು ಮಾಡ್ತೀಯ."

"ಯಂತ್ರಕ್ಕೆ ಬೈಬೇಡ," ಎಂದು ನನ್ನ ಮೇಲೇ ಎರಗಿದಳು. "ಅದಕ್ಕೆ ಗೊತ್ತಿರ್ಲಿಲ್ಲ ಗಶೆ. ನಂಗೆ ಗೊತ್ತಿತ್ತು. ಅದು ಅವಳನ್ನ ತಪ್ಪು ಅಂದಾಗ ಅವಳು ನಂಬಲಿಲ್ಲ, ಕೆಟ್ಟೋಗಿದೆ ಅಂದ್ಲು. ನಾನು ಹೂಂ ಅಂದಾಗ ನಂಬಿದ್ಲು. ಹತ್ತೊಂಬತ್ತು ವರ್ಷ ಸೀಮೆಸುಣ್ಣ ತಿಂದು ನಾನು ಗಳಿಸಿದ್ದು ಇದೊಂದೇ, ಮಕ್ಕಳು ನನ್ನ ಮಾತು ನಂಬ್ತಾವೆ ಅನ್ನೋದು. ಅದನ್ನ ತಗೊಂಡು ಆ ಹಳದಿ ಮುಖಕ್ಕೆ ಕೊಟ್ಟುಬಿಟ್ಟೆ."

ಮುಂದಿನ ವಾರ ಹೆನೋಕ್ ಬಂದ. ಸೀಮೆಯಲ್ಲೇ ಬೇಗ ಮುಂದೆ ಹೋದ ತರಗತಿ ಎಂದು ಚೌಕಟ್ಟು ಹಾಕಿದ ಪ್ರಶಸ್ತಿ ತಂದಿದ್ದ. ಗೇಟಿನಲ್ಲಿ ನಾನು ಸುಮ್ಮನೆ ಕೇಳಿದೆ, "ದೂರದ ದಾರಿ, ಎಷ್ಟಕ್ಕೆ ಹೊರಟ್ಯಪ್ಪ?" ಅವನು ಆಕಳಿಸುತ್ತ, "ಹನ್ನೊಂದಕ್ಕೇ ಬಿಟ್ಟೆ ಗಶೆ, ಇನ್ನೂ ಬೆಳಕೇ ಹರಿದಿರ್ಲಿಲ್ಲ," ಎಂದ. ನಾನು ಆ ಮಾತನ್ನು ಬಾಯಲ್ಲಿಟ್ಟುಕೊಂಡು ಅವನ ಹಿಂದೆ ತರಗತಿಗೆ ಹೋದೆ.

ಹೆಡ್‌ಮಾಸ್ಟರ್ ಕೈಕಟ್ಟಿ ನಿಂತಿದ್ದರು. ಹೆನೋಕ್ ಮೊದಲ ಸಾಲಿನಲ್ಲಿದ್ದ ಮಿಂತ್ವಾಬ್‌ಳ ಗಲ್ಲ ಹಿಡಿದು ಕೇಳಿದ.

"ಹೇಳು ಮರಿ, ಈಗ ಗಂಟೆ ಎಷ್ಟು?"

ಹುಡುಗಿ ಟ್ಯಾಬ್ಲೆಟ್ ನೋಡಿದಳು. ಕಿಟಕಿಯಾಚೆ ಬಿಸಿಲು ನೋಡಿದಳು. ಟೀಚರ ಮುಖ ನೋಡಿದಳು.

"ನಿಮಗೆ ಯಾವುದು ಬೇಕು?" ಎಂದಳು.

ಹೆನೋಕ್ ಹೊಟ್ಟೆ ಹಿಡಿದು ನಕ್ಕ. "ಜಾಣೆ! ಜಾಣೆ ಕಣಮ್ಮ!"

"ನಗಬೇಡ," ಎಂದಳು ಯೆಶರೆಗ್. ದನಿ ಏರಿಸಿರಲಿಲ್ಲ, ಅದಕ್ಕೇ ಎಲ್ಲರಿಗೂ ಭಯವಾಯಿತು. "ಈ ಮಗು ಒಂದು ತಿಂಗಳ ಹಿಂದೆ ಗಂಟೆ ಎಷ್ಟು ಅಂತ ಕೇಳಿದ್ರೆ ಗಂಟೆ ಹೇಳ್ತಿತ್ತು. ಈಗ ಕೇಳಿದೋರ ಮುಖ ನೋಡಿ ಹೇಳುತ್ತೆ. ಇದನ್ನ ಕಲಿಸಿದ್ದಕ್ಕಾ ಚೌಕಟ್ಟು ತಂದಿದೀಯ? ನೀನು ಇವತ್ತು ಮನೆ ಎಷ್ಟಕ್ಕೆ ಬಿಟ್ಟೆ?"

ಅವನು ಹೆಡ್‌ಮಾಸ್ಟರ್ ಕಡೆ ತಿರುಗಿದ. ನಾನು ಬಾಗಿಲಿನಿಂದ ಹೇಳಿದೆ, "ಹನ್ನೊಂದಕ್ಕಂತೆ ಟೀಚರ್. ಬೆಳಕೇ ಹರಿದಿರ್ಲಿಲ್ಲವಂತೆ."

ಮಕ್ಕಳು ಗೊಳ್ಳೆಂದರು. ಯೆಶರೆಗ್ ಒಂದು ಟ್ಯಾಬ್ಲೆಟ್ ತೆಗೆದು ಅವನ ಎದೆಗೆ ಒತ್ತಿ ಹಿಡಿದಳು. "ತಗೊ, ಇದರಲ್ಲಿ ಹನ್ನೊಂದು ತಿರುಗಿಸು. ಮುಖ ನಗುತ್ತಾ ಅಳುತ್ತಾ ನೋಡೋಣ. ನಿಂಗೆ ತಪ್ಪು ಅಂತ ಹೇಳಕ್ಕೆ ಯಾರೂ ಇಲ್ಲ, ಅಲ್ವಾ? ಇವಕ್ಕೆ ಮಾತ್ರ ಇದಾರೆ."

ಅವನು ಮುಟ್ಟಲಿಲ್ಲ. "ಅರ್ಜಿ ಹಾಕಿದೀನಿ ಟೀಚರ್," ಎಂದು ಗೊಣಗಿದ. ಪ್ರಶಸ್ತಿಯನ್ನು ಮೇಜಿನ ಮೇಲಿಡಲು ಹೋದಾಗ ಅವಳು ಅದನ್ನು ಹಿಂದಕ್ಕೆ ಕೊಟ್ಟಳು. ಹೊಡೆಯಲಿಲ್ಲ, ಓಡಿಸಲಿಲ್ಲ. ಆಮೇಲೆ ಬೀರುವಿನ ಹಿಂದಿನಿಂದ ಬುಟ್ಟಿಯ ಮುಚ್ಚಳ ಎಳೆದು, ಧೂಳು ಒರೆಸಿ, ಮಕ್ಕಳ ಎದುರು ಹಿಡಿದಳು.

"ಮಕ್ಕಳೇ, ನಾನು ನಿಮಗೆ ಸುಳ್ಳು ಹೇಳ್ದೆ. ಹೆದರಿ ಹೇಳ್ದೆ. ನಿಮ್ಮ ಮನೆ ಗಡಿಯಾರ ಸರಿ. ಮಿಂತ್ವಾಬ್ ಸರಿ. ತಪ್ಪು ನಂದು."

ಹೆಡ್‌ಮಾಸ್ಟರ್ ಸತ್ತೇಹೋದವರ ಹಾಗೆ ಗೋಡೆ ಹಿಡಿದುಕೊಂಡರು. ಟೀಚರ್ ಮಕ್ಕಳ ಎದುರು ತಪ್ಪು ಒಪ್ಪಿಕೊಂಡದ್ದನ್ನು ಅವರು ಇಡೀ ನೌಕರಿಯಲ್ಲಿ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಮಕ್ಕಳೆಲ್ಲ ಮೂರನೇ ತರಗತಿಗೆ ಹೋದರು. ಟ್ಯಾಬ್ಲೆಟ್ ಈಗಲೂ ಇದೆ, ಯೆಶರೆಗ್ ಈಗಲೂ ಅದರಲ್ಲಿ ಸಮುದ್ರ ತೋರಿಸುತ್ತಾಳೆ, ಅಕ್ಷರ ಹೇಳಿಸುತ್ತಾಳೆ. ಏಳನೆಯ ಮೆಟ್ಟಿಲು ಬಂದಾಗ ಮೊದಲು ಬುಟ್ಟಿಯ ಮುಚ್ಚಳ ತೋರಿಸಿ, ಇದು ನಮ್ಮದು, ಅದು ಅವರದು, ಅವರಿಗೆ ನಮ್ಮದು ಗೊತ್ತಿಲ್ಲ ಪಾಪ ಎಂದು ಹೇಳಿಕೊಟ್ಟ ಮೇಲೇ ಒತ್ತಿಸುತ್ತಾಳೆ. ಹೊಸ ಮಕ್ಕಳು ನಗುತ್ತ ಎಂಟು ಒತ್ತುತ್ತವೆ. ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.

ಮಿಂತ್ವಾಬ್‌ಗೆ ಹಲ್ಲು ಬಂದಿದೆ. ಗೇಟಿನಲ್ಲಿ ನನ್ನನ್ನು ಗದರುವುದಿಲ್ಲ. ಒಂದು ದಿನ ಬೇಕೆಂದೇ ಮೂರು ನಿಮಿಷ ತಡಮಾಡಿ ಗಂಟೆ ಹೊಡೆದೆ. ಹುಡುಗಿ ಕಬ್ಬಿಣದ ಚಕ್ರ ನೋಡುತ್ತ ಸುಮ್ಮನೆ ನಿಂತಿದ್ದಳು. ಅಜ್ಜಿಯ ಮಾತ್ರೆ ಕೊಡುವ ಮೊದಲು ಪಕ್ಕದ ಮನೆಗೆ ಹೋಗಿ ಹೊತ್ತು ಕೇಳಿಕೊಂಡು ಬರುತ್ತಾಳಂತೆ.

ಅದಕ್ಕೇ ಯೆಶರೆಗ್ ದಿನಾ ಗಂಟೆ ಹೊಡೆಯುವ ಮುಂಚೆ ಗೇಟಿಗೆ ಬರುತ್ತಾಳೆ. ಅವಳ ತರಗತಿಯ ಮಗುವಲ್ಲ ಈಗ, ಆದರೂ ಬರುತ್ತಾಳೆ. ನನ್ನ ಕೈ ಎಳೆದು ಗಡಿಯಾರವನ್ನು ಹುಡುಗಿಗೆ ತೋರಿಸುತ್ತಾಳೆ.

"ಎಷ್ಟು, ಮಿಂತ್ವಾಬ್?"

"ಎರಡಕ್ಕೆ ಐದು ನಿಮಿಷ."

ಸರಿಯಾಗಿ ಹೇಳುತ್ತಾಳೆ. ಒಂದು ದಿನವೂ ತಪ್ಪಿಲ್ಲ. ಆದರೆ ಹೇಳುವ ಮೊದಲು ಪ್ರತಿ ಸಲ ಟೀಚರ ಮುಖವನ್ನು ಒಮ್ಮೆ ನೋಡುತ್ತಾಳೆ.

ನಿನ್ನೆ ಹುಡುಗಿ ಒಳಗೆ ಹೋದ ಮೇಲೆ ನಾನು, "ಬಿಡೆ, ಸರಿಯಾಗೇ ಹೇಳ್ತಾಳಲ್ಲ," ಎಂದೆ.

"ಗಂಟೆ ಸರಿಯಾಗಿ ಹೇಳ್ತಾಳೆ," ಎಂದಳು ಯೆಶರೆಗ್. "ಆ ನೋಟ ಇದೆಯಲ್ಲ ಗಶೆ, ಅದನ್ನ ಯಾವ ಟ್ಯಾಬ್ಲೆಟ್ಟೂ ಕಲಿಸ್ಲಿಲ್ಲ. ನಾನು ಕಲಿಸಿದ್ದು. ಅದು ಹೋಗೋವರೆಗೂ ನಾನು ಬರ್ತೀನಿ."

ನಾನು ಕೋಲೆತ್ತಿ ಎರಡರ ಗಂಟೆ ಹೊಡೆದೆ.